ತೋರುಬೆರಳಿನ ಸಾಕ್ಷಿ: ಒಂಬತ್ತನೆಯ ಕಂತು

"ನಿನ್ನೆ ಬೆಳಿಗ್ಗೆ ಇದು ಬೆಳ್ಳಗಿತ್ತು," ಎಂದರು ಲ್ಯಾಬಿನ ಡಾಕ್ಟರಮ್ಮ, ಗಾಜಿನ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ಈಗ ನೋಡು."

ನಳಿಕೆಯೊಳಗೆ ಓರೆಯಾಗಿ ಹೆಪ್ಪುಗಟ್ಟಿದ್ದ, ರೋಗಾಣು ಬೆಳೆಸುವ ಹಸಿರು ಆಹಾರದ ಮೇಲೆ ಏನೋ ಬೆಳೆದಿತ್ತು. ನಿಂಬೆ ಸಿಪ್ಪೆಯಂಥ ಹಳದಿ.

"ಯಾರಾದ್ರೂ ಬಣ್ಣ ಹಾಕಿದ್ರಾ?"

"ಬೆಳಕು ಹಾಕ್ತು. ಒಂದು ಗಂಟೆ ದೀಪದ ಕೆಳಗಿಟ್ಟು ಮತ್ತೆ ಪೆಟ್ಟಿಗೆಗೆ ಸೇರಿಸಿದೆ, ಅಷ್ಟೇ. ಈ ಜಾತಿನೇ ಹಾಗೆ. ಕತ್ತಲಲ್ಲಿರೋವರೆಗೂ ತಾನ್ಯಾರು ಅಂತ ಬಿಟ್ಟುಕೊಡಲ್ಲ."

ಇನ್‌ಸ್ಪೆಕ್ಟರು ನಳಿಕೆಯನ್ನು ಮುಟ್ಟಲಿಲ್ಲ. ನಲವತ್ತೆರಡರ ಹೆಂಗಸು, ಕುಳ್ಳಗೆ, ಮಾತು ಕಡಿಮೆ. ಹಿಡಿದದ್ದನ್ನು ಬಿಡುವವಳಲ್ಲವೆಂದು ಠಾಣೆಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವಳನ್ನು ಜಿಗಣೆ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ಗಡಿಯಾರ ರಿಪೇರಿಯವನು ತನ್ನ ಅಂಗಡಿಯ ಹಿಂದಿನ ಕಬ್ಬಿಣದ ಮೆಟ್ಟಿಲಿನ ಬುಡದಲ್ಲಿ ತಲೆಯೊಡೆದು ಸತ್ತು ಇಪ್ಪತ್ತೆರಡು ದಿನವಾಗಿತ್ತು. ಕಾಲು ಜಾರಿದ್ದು ಎಂದು ಬರೆದು ಠಾಣೆ ಫೈಲು ಮುಚ್ಚಿತ್ತು.

ಅವಳು ಮಾತ್ರ ಮುಚ್ಚಿರಲಿಲ್ಲ. ಶವಾಗಾರದ ಕಲ್ಲಿನ ಮೇಲೆ ಕಂಡ ಆ ಬಲಗೈ ಅವಳನ್ನು ಬಿಟ್ಟಿರಲಿಲ್ಲ. ತೋರುಬೆರಳ ತುದಿಯಲ್ಲಿ ಮಾಯದ ಗಾಯ. ಮಣಿಕಟ್ಟಿನ ಮೇಲೊಂದು ಗಂಟು. ಮೊಳಕೈಗೆ ಹೋಗುವ ದಾರಿಯಲ್ಲಿ ಇನ್ನೆರಡು. ಯಾರೋ ಚರ್ಮದ ಕೆಳಗೆ ದಾರ ಎಳೆದು ಮಣಿ ಪೋಣಿಸಿದ ಹಾಗೆ.

"ಕುರು ಕಣಮ್ಮ," ಎಂದಿದ್ದರು ಸಾಹೇಬರು. "ಸತ್ತವನಿಗೆ ಕುರು ಆದ್ರೇನು, ಕಜ್ಜಿ ಆದ್ರೇನು?"

ಆದರೂ ಹಟ ಹಿಡಿದು ಒಂದು ತುಂಡು ಚರ್ಮವನ್ನು ಲ್ಯಾಬಿಗೆ ಕಳಿಸಿದ್ದಳು. ಇಪ್ಪತ್ತೆರಡು ದಿನ ಕಾದಿದ್ದಳು.

"ಇಷ್ಟು ದಿನ ಯಾಕೆ ಹಿಡೀತು?"

"ನಿಧಾನದ ಪ್ರಾಣಿ. ಅದೂ ಅಲ್ದೆ ಮೈ ಬಿಸಿಯಲ್ಲಿಟ್ರೆ ಬೆಳೆಯೋದೇ ಇಲ್ಲ. ತಂಪು ಬೇಕು. ನಾನು ಎರಡು ಪೆಟ್ಟಿಗೇಲಿ ಇಟ್ಟಿದ್ದೆ. ಬಿಸಿ ಪೆಟ್ಟಿಗೇಲಿ ಏನೂ ಇಲ್ಲ. ತಂಪು ಪೆಟ್ಟಿಗೇಲಿ ಇದು." ಡಾಕ್ಟರಮ್ಮ ನಳಿಕೆಯನ್ನು ಕಟ್ಟಿಗೆಯ ಗೂಡಿನಲ್ಲಿ ನಿಲ್ಲಿಸಿದರು. "ಕ್ಷಯದ ವಂಶವೇ, ಆದ್ರೆ ದಾಯಾದಿ. ಎದೆಗೆ ಇಳಿಯಲ್ಲ, ಕೆಮ್ಮಿದ್ರೆ ಹರಡಲ್ಲ. ಮನುಷ್ಯರಿಂದ ಬರೋದೇ ಇಲ್ಲ. ತಂಪಾಗಿರೋ ಕೈ, ಬೆರಳು, ಅಷ್ಟಕ್ಕೇ ಅದರ ರಾಜ್ಯ."

"ಹಾಗಾದ್ರೆ ಎಲ್ಲಿಂದ ಬರತ್ತೆ?"

"ನೀರಿಂದ. ಅದರಲ್ಲೂ ಮೀನಿರೋ ನೀರಿಂದ. ಮೀನು ಸಾಕೋ ಗಾಜಿನ ತೊಟ್ಟಿ ಇರತ್ತಲ್ಲ, ಅದರೊಳಗೆ ಗಾಯದ ಕೈ ಇಟ್ರೆ ಸಾಕು. ಎರಡು ಮೂರು ವಾರ ಏನೂ ಗೊತ್ತಾಗಲ್ಲ. ಆಮೇಲೆ ಒಂದು ಗುಳ್ಳೆ. ಆಮೇಲೆ ಅದು ಮೊಳಕೈ ಕಡೆ ನಡೆಯೋಕೆ ಶುರು ಮಾಡತ್ತೆ."

ಜಿಗಣೆ ಲೆಕ್ಕ ಹಾಕಿದಳು. ಸಾಯುವ ಮೂರು ವಾರ ಮುಂಚೆ ಅವನು ಬೀದಿಯ ಡಾಕ್ಟರಿಗೆ ಬೆರಳು ತೋರಿಸಿದ್ದ. ಅದಕ್ಕೂ ಎರಡು ವಾರ ಹಿಂದೆ ಆ ಕೈ ಯಾವುದೋ ಮೀನಿನ ತೊಟ್ಟಿಯಲ್ಲಿ ಮುಳುಗಿತ್ತು.

"ಅವನ ಮನೇಲಿ ಮೀನಿಲ್ಲ. ಅಂಗಡೀಲೂ ಇಲ್ಲ. ನಾನೇ ನೋಡಿದೀನಿ."

"ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ," ಡಾಕ್ಟರಮ್ಮ ದಪ್ಪ ಕನ್ನಡಕದ ಮೇಲಿಂದ ನೋಡಿದರು. "ಈ ಹುಣ್ಣಿಗೆ ಬೇಕಿತ್ತು. ಕನ್ನಡಿ ನಾನು ಹಿಡಿದಾಯ್ತು. ಮುಖ ಯಾರದು ಅಂತ ನೀನೇ ನೋಡ್ಕೋ."

*

ಗಡಿಯಾರದವನ ಹೆಂಡತಿ ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ಎತ್ತಿದಳು. ಅವಳೂ ಜಿಗಣೆಯೂ ತಲೆ ತಗ್ಗಿಸಿ ಒಳಗೆ ನುಗ್ಗಿದರು.

ಒಳಗೆ ಎಣ್ಣೆಯ ವಾಸನೆ. ಮೇಜಿನ ಮೇಲೆ ಚಿಮಟ, ಕೂದಲೆಳೆಯಂಥ ಸ್ಕ್ರೂಡ್ರೈವರುಗಳು, ಗಂಡ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕಪ್ಪು ಭೂತಗನ್ನಡಿ. ಹೆಂಡತಿ ಅದನ್ನು ಸೆರಗಿನಿಂದ ಒರೆಸಿ ಅದೇ ಜಾಗದಲ್ಲಿಟ್ಟಳು.

"ನಿಮ್ಮ ಯಜಮಾನರು ಮೀನಿನ ತೊಟ್ಟೀಲಿ ಕೈ ಹಾಕೋ ಸಂದರ್ಭ ಏನಾದ್ರೂ..."

"ಅವರಾ?" ಅವಳಿಗೆ ಇಷ್ಟು ದಿನಗಳಲ್ಲಿ ಮೊದಲ ಸಲ ನಗು ಬಂತು, ಬಂದದ್ದು ಅಲ್ಲೇ ನಿಂತಿತು. "ನೀರು ಅಂದ್ರೆ ಹಾವು ಕಂಡಹಾಗೆ ಆಡ್ತಿದ್ರು. ಗಡಿಯಾರದೋರಿಗೆ ನೀರೇ ಶತ್ರು. ಕೈ ತೊಳೆದ್ರೆ ಹತ್ತು ಸಲ ಒರೆಸ್ತಿದ್ರು. ಮೀನು ಎಲ್ಲಿಂದ ಬಂತು?"

"ಬೆರಳಿಗೆ ಏನು ಚುಚ್ಚಿತ್ತು ಅಂತ ಹೇಳಿದ್ರಾ?"

"ಕೇಳಿದೆ. ಗಡಿಯಾರದ ಪಿನ್ನು ಅಂದ್ರು. ದಿನಾ ಚುಚ್ಚತ್ತಲ್ಲ, ಅದ್ಕೇ ನಾನೂ ಸುಮ್ನಾದೆ."

ಜಿಗಣೆ ಬಲಗಡೆಯ ಸೆಳೆಖಾನೆ ಎಳೆದಳು. ಜನ ಕೊಟ್ಟು ಮರೆತುಹೋದ ಕೈಗಡಿಯಾರಗಳು. ಒಂದೊಂದಕ್ಕೂ ಒಂದು ಚೀಟಿ. ಚೀಟಿಯ ಮೇಲೆ ಇರುವೆ ಸಾಲಿನಂಥ ಅಕ್ಷರದಲ್ಲಿ ಗಿರಾಕಿಯ ಹೆಸರು, ರೋಗ: 'ಹತ್ತು ನಿಮಿಷ ಮುಂದೆ', 'ಮುಳ್ಳು ಸಡಿಲ', 'ಮಗು ನುಂಗಿತ್ತು, ಈಗ ಸರಿ'.

ಎಲ್ಲಕ್ಕಿಂತ ಕೆಳಗೆ ಬಟ್ಟೆಯಲ್ಲಿ ಸುತ್ತಿದ್ದ ಒಂದು. ಅದರ ಚೀಟಿಯಲ್ಲಿ ಹೆಸರಿರಲಿಲ್ಲ. ಒಂದೇ ಪದ: 'ನೀರು'.

ಹೆಂಗಸರ ಗಡಿಯಾರ, ಉಕ್ಕಿನ ಸರಪಳಿಯ ಪಟ್ಟಿ. ಪಟ್ಟಿಯ ಕೊಂಡಿ ಕಿತ್ತು, ಒಳಗಿನ ಪಿನ್ನು ಸೂಜಿಯ ಹಾಗೆ ಹೊರಗೆ ಚಾಚಿತ್ತು. ಸರಪಳಿಯ ಸಂದುಗಳಲ್ಲಿ ಒಣಗಿದ ಪಾಚಿ. ಪಾಚಿಯಲ್ಲಿ ಸಿಕ್ಕಿಕೊಂಡಿದ್ದ ಮೂರು ಹರಳು, ಸಾಸಿವೆಗಿಂತ ತುಸು ದೊಡ್ಡವು. ಕಡು ನೀಲಿ.

ಕೊಂಡಿ ತಾನಾಗಿ ಕಳಚಿರಲಿಲ್ಲ. ಉಕ್ಕು ಹಿಗ್ಗಿತ್ತು. ಯಾರೋ ಎಳೆದಿದ್ದರು.

ಹೆಂಡತಿ ಹಿಂದಿನಿಂದ ಬಾಗಿ ನೋಡಿದಳು.

"ಇದು ನನ್ನ ತಂಗೀದು," ಎಂದಳು ಹೆಂಡತಿ. "ಅವಳ ಮದುವೇಲಿ ಇವರೇ ಕೊಟ್ಟಿದ್ದು. ಹಿಂದೆ ಅವಳ ಹೆಸರಿನ ಮೊದಲಕ್ಷರ ಇದೆ ನೋಡಿ."

ಇತ್ತು.

ತಂಗಿಯ ಗಂಡ ಹಲ್ಲಿನ ಡಾಕ್ಟರು. ಇದೇ ಬೀದಿಯ ಕೊನೆಯಲ್ಲಿ ಕ್ಲಿನಿಕ್ಕು. ಎಂಟು ತಿಂಗಳ ಹಿಂದೆ ತಂಗಿ ದೂರದ ಊರಿನಲ್ಲಿ ಕೆಲಸ ಸಿಕ್ಕಿತೆಂದು ಹೋದಳೆಂದೂ, ಗಂಡ ಹೆಂಡಿರಿಗೆ ಸರಿಬಂದಿರಲಿಲ್ಲವೆಂದೂ ಮನೆಯವರೆಲ್ಲ ನಂಬಿದ್ದರು. ಹೋದವಳು ಮತ್ತೆ ಬಂದಿರಲಿಲ್ಲ.

"ಫೋನಲ್ಲಿ ಮಾತಾಡ್ತಾರಾ?"

"ಮೆಸೇಜು ಬರತ್ತೆ. ಆರಾಮಿದೀನಿ ಅಕ್ಕಾ, ಕೆಲಸ ಜಾಸ್ತಿ ಅಕ್ಕಾ, ಅಂತ. ನಾನು ಮಾಡಿದ್ರೆ ಎತ್ತಲ್ಲ. ಕೋಪ ಇರಬೇಕು ಅಂತ..." ಅವಳಿಗೆ ಏನೋ ನೆನಪಾಯಿತು. "ಒಂದು ನಿಮಿಷ ತಾಳಿ."

ಅವಳು ಫೋನು ತೆಗೆದು ಬೆರಳಿನಿಂದ ಮೇಲೆ ಮೇಲೆ ಸರಿಸಿದಳು.

"ಇವರು ತೀರ್ಕೊಳ್ಳೋಕೆ ಒಂದು ವಾರ ಮುಂಚೆ ನನ್ನ ಫೋನ್ ತಗೊಂಡು ಅವಳಿಗೆ ಮೆಸೇಜು ಹಾಕಿದ್ರು. ಯಾಕೆ ಅಂದ್ರೆ, ಸುಮ್ನೆ ಕಣೇ, ಅಂದ್ರು."

ಜಿಗಣೆ ಓದಿದಳು.

'ಭಾವ ಕೇಳ್ತಿದಾರೆ, ನಾನು ಕೊಟ್ಟ ಗಡಿಯಾರ ಹೇಗೆ ನಡೀತಿದೆ ಅಂತ.'

ಕೆಳಗೆ, ಹತ್ತು ನಿಮಿಷದ ನಂತರದ ಉತ್ತರ:

'ತುಂಬಾ ಚೆನ್ನಾಗಿ ನಡೀತಿದೆ ಭಾವ. ಈಗಲೂ ಕೈಯಲ್ಲೇ ಇದೆ. ಒಂದು ದಿನಾನೂ ಬಿಚ್ಚಿಲ್ಲ.'

ಇಬ್ಬರೂ ಮೇಜಿನ ಮೇಲಿದ್ದ ಗಡಿಯಾರವನ್ನು ನೋಡಿದರು. ಈ ಉತ್ತರ ಬಂದ ದಿನ ಅದು ಇದೇ ಸೆಳೆಖಾನೆಯಲ್ಲಿ, ಇದೇ ಬಟ್ಟೆಯೊಳಗಿತ್ತು.

"ಹಾಗಾದ್ರೆ ಎಂಟು ತಿಂಗಳಿಂದ ನಾನು ಯಾರ ಹತ್ರ ಮಾತಾಡ್ತಿದೀನಿ?" ಎಂದಳು ಅಕ್ಕ. ಅವಳು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ನನ್ನ ಮಗಳು ಪಾಸಾದದ್ದು, ಇವರು ತೀರ್ಕೊಂಡಿದ್ದು, ಎಲ್ಲಾ ಹೇಳ್ಕೊಂಡು ಅತ್ತೀನಲ್ರೀ. ಸಮಾಧಾನ ಮಾಡ್ಕೋ ಅಕ್ಕಾ ಅಂತ ಬರೆದಿದ್ದು ಯಾರು?"

ಜಿಗಣೆ ಗಡಿಯಾರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೇಬಿಗಿಳಿಸಿದಳು.

"ಈಗ ನೀವು ಯಾವ ಮೆಸೇಜೂ ಕಳಿಸಬೇಡಿ. ಅಂಗಡಿ ಮುಚ್ಚಿ. ಮನೆಗೆ ಹೋಗಿ, ಮಗಳ ಜೊತೆ ಒಳಗಿಂದ ಅಗಳಿ ಹಾಕ್ಕೊಂಡಿರಿ. ನಾನು ಬಂದು ಬಾಗಿಲು ತಟ್ಟೋವರೆಗೂ ತೆಗೀಬೇಡಿ."

*

"ನೀಲಿ ಹರಳು ಯಾರೂ ತಗೊಳ್ಳಲ್ಲ ಮೇಡಂ," ಎಂದ ಮೀನಿನ ಅಂಗಡಿಯವನು. "ಎಲ್ಲರಿಗೂ ಬಿಳೀದೇ ಬೇಕು. ಇದನ್ನ ತಗೊಂಡಿದ್ದು ಒಬ್ಬರೇ. ಹಲ್ಲಿನ ಡಾಕ್ಟರ ಹೆಂಡತಿ. ಮೀನು ಅಂದ್ರೆ ಮಕ್ಕಳ ಥರ ನೋಡ್ಕೊಳ್ತಿದ್ರು. ಭಾನುವಾರ ಬಂದ್ರೆ ಕೈ ಮುಳುಗಿಸಿ ತಾವೇ ಕ್ಲಿನಿಕ್ಕಿನ ತೊಟ್ಟಿ ತೊಳೀತಿದ್ರು."

ಸುತ್ತಲೂ ಗಾಜಿನ ಗೋಡೆಗಳು, ಗುಳುಗುಳು ಗುಳ್ಳೆಗಳು. ಅವನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಸುಕ್ಕಾದ ನೇರಳೆ ಕಲೆ. ಜಿಗಣೆ ಅದನ್ನೇ ನೋಡುತ್ತಿರುವುದು ಕಂಡು ಕೈ ಮುಂದೆ ಚಾಚಿದ.

"ಮೀನಿನ ಗುಳ್ಳೆ ಮೇಡಂ. ನಮ್ಮ ಕಸುಬಿನ ಬಳುವಳಿ. ಎಂಟು ತಿಂಗಳು ಸತಾಯಿಸ್ತು. ಮುಲಾಮು, ಇಂಜೆಕ್ಷನ್ನು, ಯಾವುದಕ್ಕೂ ಜಗ್ಗಲಿಲ್ಲ. ಯಾರೋ ನಿಂಗೆ ಮಾಟ ಮಾಡ್ಸಿದಾರೆ ಅಂತ ನಮ್ಮತ್ತೆ ಮಾಡದ ಉಪಾಯ ಇಲ್ಲ. ಕೊನೆಗೆ ದೊಡ್ಡಾಸ್ಪತ್ರೆ ಡಾಕ್ಟ್ರು ಒಬ್ಬರು, ಏನು ಕೆಲಸ ಮಾಡ್ತೀಯಪ್ಪಾ ಅಂತ ಕೇಳಿದ್ರು. ಅಷ್ಟು ದಿನ ಯಾರೂ ಅದೊಂದು ಮಾತು ಕೇಳಿರ್ಲಿಲ್ಲ ನೋಡಿ!"

"ಆ ತೊಟ್ಟಿ ಈಗೆಲ್ಲಿದೆ?"

"ಹಿಂದೆ ಗೋಡೌನಲ್ಲಿ. ಡಾಕ್ಟ್ರೇ ಫೋನ್ ಮಾಡಿ, ಬಂದು ಎತ್ಕೊಂಡ್ಹೋಗಪ್ಪಾ, ಬಿಟ್ಟಿ ಇಟ್ಕೋ ಅಂದ್ರು. ಮೀನೆಲ್ಲಾ ಚರಂಡಿಗೆ ಸುರಿದುಬಿಟ್ಟಿದ್ರು ಮೇಡಂ, ಜೀವ ಇದ್ದಿದ್ದನ್ನ. ಹೊಟ್ಟೆ ಉರೀತು."

"ಯಾವತ್ತು?"

"ಗಡಿಯಾರದ ಅಣ್ಣ ತೀರ್ಕೊಂಡ್ರಲ್ಲ, ಅದರ ಮಾರನೇ ದಿನ. ನನಗೇ ಆಶ್ಚರ್ಯ ಆಯ್ತು. ಷಡ್ಡಕ ಸತ್ತ ಮನೇಲಿ ಇನ್ನೂ ಅಳು ನಿಂತಿಲ್ಲ, ಇವರಿಗೆ ಮೀನಿನ ತೊಟ್ಟಿ ಚಿಂತೆ."

"ಅದರಲ್ಲಿ ಯಾವ ಮೀನು ಇತ್ತು?"

"ಅಗೆಯೋ ಜಾತೀವು. ಇಡೀ ದಿನ ಹರಳು ಬಗೆದು ಗುಂಡಿ ತೋಡ್ತಾನೇ ಇರ್ತವೆ. ತಳದಲ್ಲಿ ಏನೇ ಹೂತಿಡಿ, ಇವತ್ತಲ್ಲ ನಾಳೆ ಮೇಲೆ ತರ್ತವೆ."

ಜಿಗಣೆಗೆ ಕಂಡಂತಾಯಿತು: ಹಲ್ಲುನೋವಿಗೆಂದು ಷಡ್ಡಕನ ಕ್ಲಿನಿಕ್ಕಿನಲ್ಲಿ ಕೂತ ಗಡಿಯಾರದವನು. ಎದುರಿಗೆ ತೊಟ್ಟಿ. ಬಗೆದ ಹರಳಿನ ನಡುವೆ ಹೊಳೆದ ಉಕ್ಕು. ಬೇರೆ ಯಾರಿಗಾದರೂ ಅದು ಒಂದು ಮಿಂಚು, ಅಷ್ಟೇ. ಅವನಿಗೆ ಅದು ತನ್ನ ಕೈಯಾರೆ ಆರಿಸಿ ಕೊಟ್ಟ ಸರಪಳಿ. ನೀರಿಗೆ ಹೆದರುವ ಮನುಷ್ಯ ಆ ದಿನ ತೋಳು ಮಡಚಿ ಮೊಳಕೈವರೆಗೂ ನೀರಿಗಿಳಿಸಿದ್ದ. ಪಿನ್ನು ಬೆರಳಿಗೆ ಚುಚ್ಚಿತ್ತು. ಗಡಿಯಾರದ ಬಗ್ಗೆ ಆ ಮೆಸೇಜು ಹಾಕಿದ ವಾರಕ್ಕೇ ಅವನು ಮೆಟ್ಟಿಲಿನ ಬುಡದಲ್ಲಿ ಸತ್ತು ಬಿದ್ದಿದ್ದ.

ಜಿಗಣೆ ಸಾಹೇಬರಿಗೆ ಫೋನು ಮಾಡಿದಳು. ಅವರು ಮೀಟಿಂಗಿನಲ್ಲಿದ್ದರು. ಇಬ್ಬರು ಪೇದೆಗಳನ್ನು ಕ್ಲಿನಿಕ್ಕಿಗೆ ಕಳಿಸಿ ಎಂದು ಬರೆದು ಹಾಕಿದಳು. ಅವರು ಬರುವವರೆಗೆ ಹೊರಗೇ ನಿಲ್ಲಬೇಕಿತ್ತು.

ನಿಲ್ಲಲಿಲ್ಲ. ಆ ತಪ್ಪನ್ನು ಅವಳು ಮುಂದೆ ಯಾರ ಮೇಲೂ ಹೊರಿಸಲಿಲ್ಲ.

*

ಮಧ್ಯಾಹ್ನ ಮೂರೂವರೆ. ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಯಾರೂ ಇರಲಿಲ್ಲ. ಗೋಡೆಯ ಪಕ್ಕ, ನೆಲದ ಮೇಲೆ, ಉದ್ದನೆಯ ಒಂದು ಚೌಕ ಮಾತ್ರ ಉಳಿದ ನೆಲಕ್ಕಿಂತ ಬೆಳ್ಳಗಿತ್ತು. ಅದರ ಮೇಲೆ ಹೊಸದಾಗಿ ಒಂದು ಕುರ್ಚಿ ತಂದು ಹಾಕಿದ್ದರು.

"ಬನ್ನಿ ಬನ್ನಿ ಇನ್‌ಸ್ಪೆಕ್ಟರೇ." ಹಲ್ಲಿನ ಡಾಕ್ಟರು ಒಳಬಾಗಿಲಿನಿಂದ ಇಣುಕಿದರು. ಐವತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಬಾಯಿಗೆ ಮಾಸ್ಕು, ಕೈಗೆ ಗವುಸು. ಬೆಣ್ಣೆಯಿಂದ ಕೂದಲು ತೆಗೆಯುವಂಥ ಮಾತು. "ಒಬ್ಬರಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಕೂರಿಸಿದೀನಿ. ಕೆಲಸ ಮಾಡೋಕೆ ಐದು ನಿಮಿಷ ಬೇಕು. ಅಲ್ಲೀವರೆಗೆ ಕೂತ್ಕೊಳ್ಳಿ. ಹಲ್ಲುನೋವಾ?"

"ಅಲ್ಲ. ಮೀನು ನೋಡೋಣ ಅಂತ ಬಂದೆ."

ಡಾಕ್ಟರು ಮೇಜಿನ ಹಿಂದೆ ಕೂತರು. ಅವರ ಬೆನ್ನಿಗೆ ಗಾಜಿನ ಬಾಗಿಲಿನ ಔಷಧಿ ಬೀರು.

"ಮೀನೆಲ್ಲಿದೆ? ಹೆಂಡತಿ ಹೋದ ಮೇಲೆ ತೆಗೆಸಿಬಿಟ್ಟೆ. ನೋಡಿಕೊಳ್ಳೋರು ಬೇಡವಾ?"

"ಯಾವಾಗ ತೆಗೆಸಿದ್ರಿ?"

"ಆಗಲೇ. ಎಂಟು ತಿಂಗಳಾಯ್ತಲ್ಲ."

"ಮೀನಿನ ಅಂಗಡಿಯವನು ಇಪ್ಪತ್ತೊಂದು ದಿನ ಅಂತಾನೆ."

ಮಾಸ್ಕಿನ ಮೇಲಿನ ಕಣ್ಣುಗಳು ಕದಲಲಿಲ್ಲ. "ಓ. ಹಾಗಿದ್ರೆ ಹಾಗೇ ಇರಬೇಕು. ಒಬ್ಬಂಟಿಗೆ ದಿನಗಳ ಲೆಕ್ಕ ಎಲ್ಲಿ ಸಿಗತ್ತೆ? ಮನೆ ಖಾಲಿ ಮಾಡಿದೆ, ಇಲ್ಲೇ ಮಹಡಿ ಮೇಲಿನ ರೂಮಲ್ಲಿ ಮಲಗ್ತೀನಿ. ಬೆಳಗಾದ್ರೆ ಹಲ್ಲು, ಸಂಜೆಯಾದ್ರೆ ಹಲ್ಲು."

"ನಿಮ್ಮ ಹೆಂಡತಿ ಕೈಗೆ ಗಡಿಯಾರ ಕಟ್ತಿದ್ರಾ?"

"ಕಟ್ತಿದ್ಲು. ಷಡ್ಡಕ ಕೊಟ್ಟಿದ್ದು. ಪ್ರಾಣ ಅದರ ಮೇಲೆ."

"ಅದು ಈಗೆಲ್ಲಿದೆ?"

"ಅವಳ ಕೈಯಲ್ಲಿರತ್ತೆ. ಮತ್ತೆಲ್ಲಿರತ್ತೆ?"

"ನನ್ನ ಜೇಬಲ್ಲಿದೆ ಡಾಕ್ಟ್ರೇ."

ಅವಳು ಪ್ಲಾಸ್ಟಿಕ್ ಚೀಲವನ್ನು ಮೇಜಿನ ಮೇಲಿಟ್ಟಳು. ಡಾಕ್ಟರು ಮುಂದೆ ಬಾಗಲಿಲ್ಲ, ಹಿಂದೆ ಸರಿಯಲೂ ಇಲ್ಲ. ಒಳಕೋಣೆಯಲ್ಲಿ ಎಂಜಲು ಹೀರುವ ಯಂತ್ರ ಸರಸರನೆ ಗಾಳಿ ಎಳೆಯುತ್ತಿತ್ತು.

"ಗವುಸು ತೆಗೀರಿ," ಎಂದಳು ಜಿಗಣೆ.

"ಏನಂದ್ರಿ?"

"ಗವುಸು. ತೋಳು ಮೇಲೆ ಮಾಡಿ. ಎರಡೂ."

ಡಾಕ್ಟರು ನಿಧಾನವಾಗಿ ಒಂದೊಂದೇ ಬೆರಳು ಹಿಡಿದು ಎಳೆದರು. ಎರಡು ಕೈಗಳನ್ನೂ ಮೇಜಿನ ಮೇಲೆ ಅಂಗಾತ ಚಾಚಿದರು. ಆಮೇಲೆ ಮಗುಚಿದರು.

ಒಂದು ಗೀರಿಲ್ಲ. ಒಂದು ಕಲೆಯಿಲ್ಲ. ಮೊಳಕೈವರೆಗೂ ಶುಭ್ರ.

"ಏನು ಹುಡುಕ್ತಿದೀರಿ?" ಆ ದನಿಯಲ್ಲಿ ಮೊದಲ ಸಲ ಸಣ್ಣ ಸಂತೋಷವಿತ್ತು. "ಆ ತೊಟ್ಟಿಗೆ ನಾನು ಜನ್ಮದಲ್ಲಿ ಕೈ ಹಾಕಿದೋನಲ್ಲ. ಅಸಹ್ಯ ನನಗೆ. ಅವಳದ್ದೇ ಎಲ್ಲಾ."

ತೊಟ್ಟಿಯೊಳಗೆ ಹೋದದ್ದು ಇವನ ಕೈಯಲ್ಲ. ನೀರಿನಲ್ಲಿದ್ದದ್ದು ಹೆಂಡತಿಯ ಕೈ. ಇವನು ಹೊರಗೆ ನಿಂತು ಆ ಕೈಯನ್ನು ಎಳೆದಾಗ ಕೊಂಡಿ ಕಿತ್ತು ಗಡಿಯಾರ ತಳಕ್ಕೆ ಬಿದ್ದಿತ್ತು. ಕಣ್ಣು ತಪ್ಪಿಸಲೆಂದು ಜಿಗಣೆ ಅವರ ಬೆನ್ನ ಹಿಂದಿನ ಬೀರುವನ್ನು ನೋಡಿದಳು.

ಬೀರುವಿನ ನಡುವಿನ ಅರೆಯಲ್ಲಿ ಹತ್ತಿಯುಂಡೆಗಳ ಪಕ್ಕ ಒಂದು ಗುಳಿಗೆಯ ಪಟ್ಟಿ. ದಪ್ಪ ದಪ್ಪ ಕೆಂಪು ಕ್ಯಾಪ್ಸೂಲುಗಳು. ಅರ್ಧಕ್ಕೂ ಹೆಚ್ಚು ಗೂಡು ಖಾಲಿ. ಖಾಲಿಯಾದ ಒಂದೊಂದರ ಪಕ್ಕವೂ ಪೆನ್ನಿನಲ್ಲಿ ತಾರೀಕು. ಕೊನೆಯ ತಾರೀಕು ನಿನ್ನೆಯದು.

"ಅದೇನು?"

ಡಾಕ್ಟರು ಹಿಂದಿರುಗಿ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳದಿರಲು ಕಲಿತ ಮನುಷ್ಯ. ಆದರೆ ಯಾವುದು ಎಂದು ಕೇಳುವುದನ್ನು ಮರೆತ.

"ವಸಡಿನ ಸೋಂಕಿಗೆ. ನನಗೇ." ಎದ್ದರು. "ಒಳಗಿರೋರಿಗೆ ಮರಗಟ್ಟಿರತ್ತೆ. ಅರ್ಧಕ್ಕೆ ಬಿಟ್ರೆ ಪಾಪ ಬರತ್ತೆ. ಎರಡೇ ನಿಮಿಷ, ಬಂದೆ. ಆಮೇಲೆ ನೀವು ಏನು ಕೇಳಿದ್ರೂ ಹೇಳ್ತೀನಿ."

ಒಳಬಾಗಿಲು ಮುಚ್ಚಿತು. ಯಂತ್ರದ ಸರಸರ ಸದ್ದು ಮುಂದುವರಿಯಿತು.

ಜಿಗಣೆ ಗಾಜಿಗೆ ಮುಖ ತಾಗಿಸಿ ಪಟ್ಟಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಕೂಡಿಸಿಕೊಂಡಳು. ಡಾಕ್ಟರಮ್ಮನಿಗೆ ಫೋನು ಮಾಡಿ ಪಿಸುದನಿಯಲ್ಲಿ ಓದಿ ಹೇಳಿದಳು.

"ಅದು ಕ್ಷಯಕ್ಕೆ ಕೊಡೋದು," ಎಂದರು ಡಾಕ್ಟರಮ್ಮ. "ನಮ್ಮ ಹಳದಿ ದಾಯಾದಿಗೂ ಅದನ್ನೇ ಕೊಡ್ತೀವಿ. ತಿಂಗಳುಗಟ್ಟಲೆ, ಒಂದು ದಿನಾನೂ ತಪ್ಪದೆ. ಹಲ್ಲಿನೋರಿಗೆ ಅದರಿಂದ ಏನಾಗ್ಬೇಕು? ಅವನ ಕೈಲಿ ಗಂಟಿದೆಯಾ?"

"ಇಲ್ಲ. ಕೈ ಕನ್ನಡಿ ಥರ ಇದೆ."

"ಹಾಗಾದ್ರೆ ಬೇರೆ ಯಾರಿಗೋ ನುಂಗಿಸ್ತಿದಾನೆ."

ಜಿಗಣೆ ಒಳಬಾಗಿಲಿನತ್ತ ಒಮ್ಮೆ ತಿರುಗಿ ನೋಡಿದಳು.

"ಡಾಕ್ಟರಮ್ಮಾ, ಈ ಕ್ಲಿನಿಕ್ಕಿಂದ ನಿಮ್ಮಲ್ಲಿಗೆ ಯಾವತ್ತಾದ್ರೂ ಸ್ಯಾಂಪಲ್ಲು ಬಂದಿತ್ತಾ?"

ಅತ್ತ ಪುಟ ತಿರುವುವ ಸದ್ದು. ಬೆರಳಿಗೆ ಎಂಜಲು ಹಚ್ಚಿ ತಿರುವುವ ಹಳೆಯ ಚಾಳಿ. ಎಷ್ಟು ಬೈದರೂ ಬಿಟ್ಟಿರಲಿಲ್ಲ.

"ಬಂದಿದೆ ಕಣೇ. ಆರು ವಾರದ ಹಿಂದೆ. ಒಂದೇ ಒಂದು ಸಲ. ಹೆಂಗಸು, ವಯಸ್ಸು ಮೂವತ್ತನಾಲ್ಕು, ಹೆಸರು ಬರೆದಿಲ್ಲ. ವಸಡಿನ ತುಂಡು ಅಂತಿದೆ. ಕಲ್ಚರಿಗೆ ಕೊಟ್ಟಿಲ್ಲ, ಸ್ಲೈಡು ಮಾತ್ರ. ನೋಡಿದ್ದು ನಮ್ಮ ಕಿರಿಯವಳು. ಗಂಟುಗಂಟಾಗಿದೆ, ಹಳೇ ಸೋಂಕು, ಅಂತ ಬರೆದು ಕಳಿಸಿಬಿಟ್ಟಿದಾಳೆ. ಇರು, ಸ್ಲೈಡು ಇಲ್ಲೇ ಇದೆ, ನಾನೇ ನೋಡ್ತೀನಿ."

ಗಾಜು ಗಾಜಿಗೆ ತಾಗಿದ ಸದ್ದು. ಒಳಗೆ ಯಂತ್ರದ ಸರಸರ. ತಂಗಿಗೆ ವಯಸ್ಸೆಷ್ಟು ಎಂದು ಅಕ್ಕನನ್ನು ಕೇಳುವ ಅಗತ್ಯವಿರಲಿಲ್ಲ. ಅದೂ ಮೂವತ್ತನಾಲ್ಕೆಂದು ಜಿಗಣೆಗೆ ಗೊತ್ತಿತ್ತು.

"ಇನ್‌ಸ್ಪೆಕ್ಟ್ರೇ." ಡಾಕ್ಟರಮ್ಮ ಎಂದೂ ಅವಳನ್ನು ಹಾಗೆ ಕರೆದವರಲ್ಲ. "ಇದು ವಸಡಲ್ಲ. ಇದರಲ್ಲಿ ಬೆವರಿನ ಗ್ರಂಥಿ ಇದೆ. ಕೂದಲಿನ ಬೇರು ಇದೆ. ಬಾಯೊಳಗೆ ಯಾರಿಗೆ ಕೂದಲು ಬೆಳೆಯತ್ತೆ? ಇದು ಚರ್ಮ. ಮುಂಗೈ ಚರ್ಮ ಇರಬೇಕು. ಮತ್ತೆ ಇದನ್ನ ತೆಗೆದಾಗ ರಕ್ತ ಹರೀತಿತ್ತು."

"ಅಂದ್ರೆ?"

"ಬದುಕಿದ್ದೋರಿಂದ ತೆಗೆದಿದ್ದು."

ಎಂಟು ತಿಂಗಳ ಹಿಂದೆ ಊರು ಬಿಟ್ಟವಳು. ಆರು ವಾರದ ಹಿಂದೆ ಅವಳ ಕೈಯಿಂದ ಒಂದು ಚೂರು ಚರ್ಮ ಇವನ ಕತ್ತರಿಗೆ ಸಿಕ್ಕಿತ್ತು. ನಿನ್ನೆಯವರೆಗೆ ಅವಳು ದಿನಕ್ಕೊಂದು ಕೆಂಪು ಕ್ಯಾಪ್ಸೂಲು ನುಂಗಿದ್ದಳು.

ಗಡಿಯಾರದ ಅಂಗಡಿಯಿಂದ ಹೊರಟಾಗಿನಿಂದ ಒಂದು ಹೆಣ ಹುಡುಕುವ ಸಿದ್ಧತೆಯಲ್ಲಿದ್ದ ಜಿಗಣೆ ಈಗ ಬದುಕಿರುವವಳನ್ನು ಹುಡುಕಬೇಕಿತ್ತು.

ಅವಳು ಫೋನು ಕಿವಿಯಿಂದ ಇಳಿಸಿದಳು. ಒಳಗಿನ ಯಂತ್ರದ ಸದ್ದು ಆಗಿನಿಂದಲೂ ಒಂದೇ ಸಮ. ಎಂಜಲು ಹೀರುವಾಗ ಬರಬೇಕಾದ ಗೊರಗೊರ ಒಮ್ಮೆಯೂ ಬಂದಿರಲಿಲ್ಲ. ಕೊರೆಯುವ ಸದ್ದೂ ಇಲ್ಲ. ಮಾತೂ ಇಲ್ಲ.

ಬಾಗಿಲು ತಳ್ಳಿದಳು.

ಯಂತ್ರದ ಕೊಳವೆ ಕುರ್ಚಿಯ ಪಕ್ಕ ಜೋತುಬಿದ್ದು ಬರಿಗಾಳಿಯನ್ನು ಹೀರುತ್ತಿತ್ತು. ಕುರ್ಚಿಯಲ್ಲಿ ನಿವೃತ್ತ ಮೇಷ್ಟರೊಬ್ಬರು ಮಲಗಿದ್ದರು. ಎದೆಯ ಮೇಲೆ ನೀಲಿ ಕಾಗದ, ಬಾಯಿ ತುಂಬ ಹತ್ತಿ. ಹಿಂಬಾಗಿಲು ಹಾರು ಹೊಡೆದಿತ್ತು. ಮೂಲೆಯ ಪುಟ್ಟ ಫ್ರಿಜ್ಜಿನ ಬಾಗಿಲೂ ತೆರೆದಿತ್ತು. ಒಳಗೆ ಅರಿವಳಿಕೆ ಎಂದು ಚೀಟಿ ಅಂಟಿಸಿದ್ದ ಎರಡು ತಟ್ಟೆ. ಎರಡೂ ಖಾಲಿ.

"ಡಾಕ್ಟರೆಲ್ಲಿ?"

ಮೇಷ್ಟರು ಎದ್ದು ಕೂತು ಹತ್ತಿ ಉಗಿದರು. ಮರಗಟ್ಟಿದ ಅರ್ಧ ತುಟಿಯಿಂದ ಮಾತು ಸೊಟ್ಟಗೆ ಬಂತು.

"ಈಗಷ್ಟೇ ಹೋದ್ರಮ್ಮಾ. ನನ್ನ ಹಲ್ಲಿನ ಕಥೆ ನಾಳೆ ಅಂತೆ."

"ಎಲ್ಲಿಗೆ?"

"ಮನೇಲಿ ಇನ್ನೊಬ್ಬ ಪೇಷಂಟು ಇದಾರಂತಲ್ಲ."

"ಯಾವ ಮನೆ? ಅವರಿಗೆ ಮನೆಯೇ ಇಲ್ಲ!"

ಹಿಂಬಾಗಿಲಿನ ಆಚೆ ಓಣಿಯಲ್ಲಿ ಕಾರೊಂದು ಚಾಲೂ ಆಯಿತು. ಜಿಗಣೆ ಅತ್ತ ಓಡಿದಳು. ಹಿಂದಿನಿಂದ ಮೇಷ್ಟರ ಸೊಟ್ಟ ಮಾತು ಕೇಳುತ್ತಲೇ ಇತ್ತು.

"ಅದೆಲ್ಲಾ ನಂಗೇನು ಗೊತ್ತಮ್ಮಾ? ತುಂಬಾ ತಿಂಗಳಿಂದ ನರಳ್ತಿದಾರೆ ಪಾಪ, ಇವತ್ತು ಪೂರ್ತಿ ಮಲಗಿಸಿಬಿಟ್ಟು ಬರ್ತೀನಿ ಅಂದ್ರು."